‘ಏರ್‌ಟೈಮ್’ಗೆ ಕನ್ನಡದಲ್ಲಿ ಏನನ್ನೋಣ?

ಮಂಗಳೂರಿನ ಶಾಲೆಯೊಂದರ ಗೋಡೆಪತ್ರಿಕೆಗೆ ರೋಲರ್ ಕೋಸ್ಟರ್ ಬಗ್ಗೆ ಬರೆಯುತ್ತಿದ್ದೇನೆ, ಅದರ ಇಂಗ್ಲಿಷ್ ಪದಗಳಿಗೆ ಕನ್ನಡ ಹುಡುಕುತ್ತಿದ್ದೇನೆ. ಆರಿಸಿಕೊಂಡದ್ದು ಅಮೆರಿಕದ ಓಹಾಯೋದಲ್ಲಿ, ಈರಿ ಸರೋವರದ ದಡದಲ್ಲಿರುವ ಸೀಡರ್ ಪಾಯಿಂಟ್ ಪಾರ್ಕಿನ ಮಿಲೇನಿಯಂ ಫೋರ್ಸ್. 2000ದಲ್ಲಿ ಶುರುವಾದ ಉಕ್ಕಿನ ಕೋಸ್ಟರ್. ಎತ್ತರ 310 ಅಡಿ, ವೇಗ ಗಂಟೆಗೆ ಸುಮಾರು 150 ಕಿ.ಮೀ. ಕೇಬಲ್ಲು ರೈಲನ್ನು ಮೊದಲ ದಿಬ್ಬದ ತುದಿಗೆ ಎಳೆಯುವ ಭಾಗಕ್ಕೆ ‘ಏರು’ ಸಾಕು. ಮೊದಲ ಇಳಿತ 80 ಡಿಗ್ರಿ, ಹೆಚ್ಚುಕಮ್ಮಿ ಗೋಡೆಯೇ. ಅದಕ್ಕೆ ‘ಇಳಿಜಾರು’ ತೀರಾ ಮೆತ್ತಗಾಗುತ್ತದೆ, ‘ಧುಮುಕು’ ಅಂತ ಹಾಕಿದೆ.

ಸಿಕ್ಕಿಬಿದ್ದದ್ದು ‘ಏರ್‌ಟೈಮ್’ನಲ್ಲಿ. ರೈಲು ದಿಬ್ಬ ಹತ್ತಿ ತುದಿಯಲ್ಲಿ ಕೆಳಗೆ ಬಾಗುತ್ತದೆ. ನಮ್ಮ ಮೈ ಮಾತ್ರ ಹೋಗುತ್ತಿದ್ದ ದಿಕ್ಕಿನಲ್ಲೇ ಮುಂದೆ ಹೋಗಲು ನೋಡುತ್ತದೆ. ಆಗ ಸೀಟಿಗೂ ನಮಗೂ ನಡುವೆ ತುಸು ಜಾಗ ಬೀಳುತ್ತದೆ, ತೊಡೆಯ ಮೇಲಿನ ಸರಳು ಹಿಡಿದು ನಿಲ್ಲಿಸುತ್ತದೆ. ಆ ಗಳಿಗೆಗೆ ಈ ಹೆಸರು. ಇದರಲ್ಲೂ ಎರಡು ಬಗೆ. ಭಾರವೇ ಇಲ್ಲದ ಹಾಗೆ ಮೆಲ್ಲಗೆ ಏಳುವುದು ಒಂದು, ಸೀಟಿನಿಂದ ಕಿತ್ತು ಬಿಸಾಡಿದ ಹಾಗೆ ಆಗುವುದು ಇನ್ನೊಂದು.

ಎರಡನೆಯದಕ್ಕೆ ನಮ್ಮಲ್ಲಿ ಮಾತಿದೆ. ಉಡುಪಿ ಎಕ್ಸ್‌ಪ್ರೆಸ್ ಬಸ್ಸಿನ ಹಿಂದಿನ ಸೀಟಿನಲ್ಲಿ ಕೂತವರು ಹಂಪ್ ಬಂದಾಗ ‘ಎತ್ತಿ ಹಾಕಿತು’ ಅಂತಾರಲ್ವಾ? ಆದರೆ ಅದರಲ್ಲಿ ಕುಕ್ಕಿ ಬೀಳುವ ಪೆಟ್ಟೂ ಸೇರಿದೆ. ಮಿಲೇನಿಯಂ ಫೋರ್ಸ್‌ನ ದಿಬ್ಬಗಳು ಉದ್ದುದ್ದ, ಅಲ್ಲಿ ಪೆಟ್ಟಿಲ್ಲ. ‘ತೇಲು’ ಹತ್ತಿರ ಬರುತ್ತದೆ, ಆದರೆ ನಮ್ಮ ಕಡೆಯ ಮಕ್ಕಳಿಗೆ ತೇಲು ಅಂದರೆ ಹೊಳೆ, ದೋಣಿ. ‘ಸೀಟು ಬಿಟ್ಟೇಳು’ ಸರಿಯಿದೆ, ಆದರೆ ಬಸ್ಸಿನಲ್ಲಿ ಹಿರಿಯರಿಗೆ ಜಾಗ ಕೊಟ್ಟ ಹಾಗೂ ಕೇಳಿಸುತ್ತದೆ. ‘ವಾಯುಕಾಲ’ ಅಂತೂ ಬೇಡ, ಅದು ಸುಮ್ನೆ ಪದಕ್ಕೆ ಪದ.

ಕರಾವಳಿ ಉತ್ಸವ ಮೈದಾನದ ವಸ್ತುಪ್ರದರ್ಶನದಲ್ಲಿ ಕೊಲಂಬಸ್ ಅನ್ನುವ ತೂಗುದೋಣಿ ಹತ್ತಿದ ಮಕ್ಕಳು, ದೋಣಿ ಹಿಂದಕ್ಕೆ ಬೀಳುವಾಗ ‘ಹೊಟ್ಟೆಯಲ್ಲಿ ಒಂಥರಾ ಆಗ್ತದೆ’ ಅಂತಾರೆ. ಅನುಭವ ಅದೇ. ಆದರೆ ಶೀರ್ಷಿಕೆಗೆ ಒಂದು ಹೆಸರು ಬೇಕು.

ಸದ್ಯಕ್ಕೆ ನನ್ನ ಒಲವು ‘ಹಗುರುಗಳಿಗೆ’, ಅಂದರೆ ಮೈ ಹಗುರಾಗುವ ಗಳಿಗೆ, ಅನ್ನುವುದರ ಕಡೆಗೆ. ಎರಡೂ ಬಗೆಗೆ ಒಗ್ಗುತ್ತದೆ ಅನಿಸುತ್ತದೆ. ಜಾತ್ರೆಯ ತೊಟ್ಟಿಲು, ಕೊಲಂಬಸ್ ನಡೆಸುವವರ ಬಾಯಲ್ಲಿ, ಅಥವಾ ತುಳು, ಕುಂದಾಪುರದ ಕನ್ನಡದಲ್ಲಿ ಇದಕ್ಕೆ ಆಗಲೇ ಬಳಕೆಯ ಮಾತಿದ್ದರೆ ದಯವಿಟ್ಟು ತಿಳಿಸಿ. ಅದನ್ನೇ ಹಾಕುತ್ತೇನೆ.