ಸಹಾಯ ಬೇಕು: ಚೆಸ್ ಎಂಜಿನ್ ಟೂರ್ನಿಯಲ್ಲಿ ಆಪರೇಟರ್ ಮೋಸ ತಡೆಯುವುದು ಹೇಗೆ?

ಸ್ವಂತವಾಗಿ ಬರೆದ ಚೆಸ್ ಎಂಜಿನ್‌ಗಳಿಗೆ (ಚೆಸ್ ಆಡುವ ಪ್ರೋಗ್ರಾಂಗಳಿಗೆ) ನಾವು ಕೆಲವರು ಸೇರಿ ಆನ್‌ಲೈನ್ ಟೂರ್ನಿ ಇಡುತ್ತಿದ್ದೇವೆ. ಆಟ ಲಿಚೆಸ್ ಎಂಬ ಚೆಸ್ ಜಾಲತಾಣದ ಬಾಟ್ ಖಾತೆಗಳಲ್ಲಿ (ಪ್ರೋಗ್ರಾಂಗಳು ಆಡುವ ಖಾತೆಗಳಲ್ಲಿ), ಎಂಜಿನ್ ಓಡುವುದು ಮಾತ್ರ ಅವರವರ ಮನೆಯ ಕಂಪ್ಯೂಟರ್‌ನಲ್ಲಿ. ತಲೆನೋವು ಇರುವುದೇ ಅಲ್ಲಿ. ಸೋಲುವ ಹಾಗೆ ಕಂಡಾಗ ಆಪರೇಟರ್, ಅಂದರೆ ಎಂಜಿನ್ ಓಡಿಸುವವರು, ಸುಮ್ನೆ ಅದರ ಜಾಗದಲ್ಲಿ ಸ್ಟಾಕ್‌ಫಿಶ್ ಎಂಬ ತುಂಬಾ ಬಲವಾದ ಎಂಜಿನ್ ಕೂರಿಸಿಬಿಟ್ಟರೆ? ಪುಕ್ಕಟೆ ಸಿಗುತ್ತದೆ ಬೇರೆ! ಟಿಸಿಇಸಿ ಎಂಬ ದೊಡ್ಡ ಎಂಜಿನ್ ಟೂರ್ನಿಯವರು ಎಲ್ಲ ಎಂಜಿನ್‌ಗಳನ್ನೂ ತಮ್ಮದೇ ಯಂತ್ರದಲ್ಲಿ ಓಡಿಸುತ್ತಾರೆ, ನಮ್ಮ ಹತ್ತಿರ ಅಷ್ಟು ದುಡ್ಡಿಲ್ಲ.

ಸದ್ಯದ ಯೋಚನೆ ಏನೆಂದರೆ, ಎಂಜಿನ್ ಫೈಲನ್ನು ಮೊದಲೇ ತೆಗೆದಿಟ್ಟುಕೊಂಡು, ಪ್ರತಿ ನಡೆಯ ಡೆಪ್ತ್ (ಎಷ್ಟು ನಡೆ ಮುಂದೆ ನೋಡಿತು), ಸ್ಕೋರ್ (ಸ್ಥಿತಿಗೆ ಎಂಜಿನ್ ಕೊಟ್ಟ ಅಂಕ), ನೋಡ್ ಸಂಖ್ಯೆ (ಎಷ್ಟು ಸ್ಥಿತಿಗಳನ್ನು ಪರಿಶೀಲಿಸಿತು) ಇರುವ ಲಾಗ್ ಕೇಳಿ, ಅನುಮಾನ ಬಂದರೆ ಇಡೀ ಆಟವನ್ನು ಅಷ್ಟಷ್ಟೇ ನೋಡ್‌ಗಳಿಗೆ ನಾವೇ ಓಡಿಸಿ ನೋಡುವುದು. ಒಂದೇ ಥ್ರೆಡ್ (ಏಕಕಾಲದಲ್ಲಿ ನಡೆಯುವ ಲೆಕ್ಕಾಚಾರದ ಒಂದು ಸಾಲು) ಆದರೆ ಸಾಮಾನ್ಯವಾಗಿ ಅದೇ ನಡೆ ಬರಬೇಕು, ಅಲ್ವಾ? ನಾಲ್ಕು ಥ್ರೆಡ್ ಆದರೆ ಪ್ರಾಮಾಣಿಕರ ಎಂಜಿನ್ ಕೂಡ ಬೇರೆ ನಡೆ ಕೊಡಬಹುದು. ಆಗ ಯಾರನ್ನು ಹಿಡಿಯುವುದು? ಎಲ್ಲರಿಗೂ ಒಂದೇ ಥ್ರೆಡ್ ಅಂತ ನಿಯಮ ಮಾಡಿದರೆ ಜಾಸ್ತಿ ಆಯ್ತಾ? ಇಂಥದ್ದು ನಡೆಸಿದವರು ಇದ್ದರೆ ದಯವಿಟ್ಟು ಹೇಳಿ.