ಅಪ್‌ಡೇಟ್: ವೆಲ್ಡ್ ಒಳಗಿನ ಎಕೋ ಏನಂತ ಗೊತ್ತಾಯ್ತು

ತುಮಕೂರು ವಸಂತನರಸಾಪುರದ ಶೆಡ್‌ನಲ್ಲಿ 16 ಮಿ.ಮೀ. ಪ್ಲೇಟಿನ ವೆಲ್ಡ್‌ಗೆ ಅಲ್ಟ್ರಾಸಾನಿಕ್ ಟೆಸ್ಟ್ (ಒಳಗೆ ಶಬ್ದದ ಅಲೆ ಕಳಿಸಿ ದೋಷ ಹುಡುಕೋದು) ಮಾಡಿದ್ರೆ ಒಂದು ಕಡೆ ಎಕೋ, ಅಂದ್ರೆ ವಾಪಸ್ ಬಂದ ಅಲೆ, ಬರ್ತಿದೆ, ಬಿರುಕೇನಾ ಅಂತ ಕೇಳಿದ್ದೆನಲ್ಲ, ಬಗೆಹರೀತು.

ಬಣ್ಣ ಹಚ್ಚಿ ಬಿರುಕು ಹುಡುಕೋ ಡೈ ಪೆನೆಟ್ರೆಂಟ್‌ನಲ್ಲಿ ಏನೂ ಕಾಣಲಿಲ್ಲ. ಅದು ಮೇಲ್ಮೈಗೆ ಬಾಯಿ ಬಿಟ್ಟಿರೋ ಬಿರುಕನ್ನಷ್ಟೇ ತೋರಿಸೋದು. ಅಲ್ಟ್ರಾಸಾನಿಕ್ ಯಂತ್ರದ ಗೇನ್ (ಸಿಗ್ನಲ್ ಹಿಗ್ಗಿಸೋ ಮಟ್ಟ) ಏರಿಸಿದ್ರೆ ಪರದೆ ತುಂಬಾ ಗದ್ದಲ, ಅಷ್ಟೇ.

ಕೈಹಿಡಿದಿದ್ದು "ಎಣ್ಣೆ ಬೆರಳಲ್ಲಿ ವೆಲ್ಡ್ ಉಬ್ಬನ್ನ ತಟ್ಟಿ" ಅನ್ನೋ ಸಲಹೆ. ಉಬ್ಬು ಅಂದ್ರೆ ಪ್ಲೇಟಿಗಿಂತ ಎದ್ದಿರೋ ವೆಲ್ಡ್ ಭಾಗ. ಎಣ್ಣೆ ಬೆರಳು ಅಲ್ಲಿಗೆ ಬಂದ ಅಲೆಯನ್ನ ಒಂದಿಷ್ಟು ಹೀರುತ್ತೆ. ತಟ್ಟಿದಾಗೆಲ್ಲ ಎಕೋ ಕುಣೀತು, ಅಂದ್ರೆ ಅದು ಉಬ್ಬಿನದೇ. ಗ್ರೈಂಡ್ ಮಾಡಿದ್ಮೇಲೆ ಮಾಯ. ಆದ್ರೆ ಪಕ್ಕದಲ್ಲಿದ್ದ ಪುಟ್ಟ ಎಕೋ ಜಪ್ಪಯ್ಯ ಅನ್ನಲಿಲ್ಲ! 70 ಡಿಗ್ರಿ ಪ್ರೋಬ್ (ಅಲೆಯನ್ನ ಓರೆಯಾಗಿ ಒಳಗೆ ಕಳಿಸೋ ತುಂಡು) ತೆಗೆದು 60ರದ್ದು ಇಟ್ರೆ ಇನ್ನೂ ಎತ್ತರಕ್ಕೆ ಎದ್ದಿತು. ವೆಲ್ಡ್‌ಗಾಗಿ ವಿ ಆಕಾರದಲ್ಲಿ ಕತ್ತರಿಸಿದ ನಮ್ಮ ಪ್ಲೇಟ್ ಅಂಚಿನ ಇಳಿಜಾರು ಲಂಬದಿಂದ 30 ಡಿಗ್ರಿ. 60ರ ಕಿರಣ ತಳದಿಂದ ಪುಟಿದು ಅದಕ್ಕೆ ನೆಟ್ಟಗೆ ಬಡಿಯುತ್ತಂತೆ. ಕೆರೆದು ನೋಡಿದ್ರೆ ಬಿರುಕಲ್ಲ, ಲೋಹ ಬೆಸೆಯದೇ ಉಳಿದ ಕಪ್ಪು ಗೆರೆ. ಅಷ್ಟುದ್ದ ಮತ್ತೆ ವೆಲ್ಡ್ ಮಾಡಿಸಿದ್ವಿ, ಈಗ ಪಾಸ್.