ಸೋಂಕು ತಡೆ ತರಬೇತಿ: ಕ್ಲಾಸಿನಲ್ಲಿ ಪಾಸ್, ವಾರ್ಡಿನಲ್ಲಿ ಹಳೇ ರೂಢಿ

ಪ್ರಶ್ನೆ: ನಮಸ್ಕಾರ ಮೇಡಂ. ತಾಲೂಕಿನ ಸಣ್ಣ ಖಾಸಗಿ ಆಸ್ಪತ್ರೆಯಲ್ಲಿ ನಾನು ವಾರ್ಡ್ ಇನ್‌ಚಾರ್ಜ್. ಸೋಂಕು ತಡೆ ಬಗ್ಗೆ ಸಿಸ್ಟರ್‌ಗಳಿಗೆ ಕ್ಲಾಸ್ ಮಾಡಿಸಿದೆವು. ಕೊನೆಯ ಪರೀಕ್ಷೆಯಲ್ಲಿ ಎಲ್ಲರೂ ಪಾಸ್. ವಾರ ಕಳೆಯುವಷ್ಟರಲ್ಲಿ ಒಂದೇ ಗ್ಲೌಸ್‌ನಲ್ಲಿ ಎರಡು ಮೂರು ಬೆಡ್ ಮುಗಿಸುವುದು ಮತ್ತೆ ಶುರು. ಬೈಯೋಣ ಅಂದ್ರೆ ರಾತ್ರಿ ಪಾಳಿಗೆ ಇರೋದೇ ಇಬ್ಬರು. ಹೇಗೆ ಕಲಿಸಲಿ?

ಉತ್ತರ (ಸೋಂಕು ನಿಯಂತ್ರಣ ನರ್ಸ್): ಬೈಯಬೇಡಿ. ಮೊದಲು ಹ್ಯಾಂಡ್ ರಬ್ (ಕೈಗೆ ಉಜ್ಜುವ ಆಲ್ಕೋಹಾಲ್ ದ್ರವ) ಎಲ್ಲಿಟ್ಟಿದ್ದೀರಿ ನೋಡಿ. ಸೋಪು ನೀರಿನಲ್ಲಿ ಸರಿಯಾಗಿ ಕೈ ತೊಳೆಯಲು 40ರಿಂದ 60 ಸೆಕೆಂಡ್ ಬೇಕು, ಸಿಂಕ್‌ವರೆಗೆ ನಡೆಯುವುದು ಬೇರೆ. ಹ್ಯಾಂಡ್ ರಬ್‌ಗೆ 20ರಿಂದ 30 ಸೆಕೆಂಡ್ ಸಾಕು. ಪ್ರತಿ ಬೆಡ್ಡಿನ ಹತ್ತಿರ, ಟ್ರಾಲಿ ಮೇಲೆ, ಕೈಗೆ ಸಿಗುವಂತೆ ಬಾಟಲಿ ಇಡಿಸಿ. ಇದಿಲ್ಲದೆ ಎಷ್ಟು ಕ್ಲಾಸ್ ಮಾಡಿದರೂ ಸುಮ್ನೆ.

ಆಮೇಲೆ ಹಾಲ್ ಬಿಟ್ಟು ಬೆಡ್ ಪಕ್ಕದಲ್ಲೇ ಕಲಿಸಿ. ಒಂದೇ ಕೆಲಸ ತೆಗೆದುಕೊಳ್ಳಿ: ಕ್ಯಾನುಲಾದಲ್ಲಿ (ಔಷಧಿ ಕೊಡಲು ರಕ್ತನಾಳಕ್ಕೆ ಹಾಕಿದ ಸಣ್ಣ ಕೊಳವೆ) ಆಂಟಿಬಯೋಟಿಕ್ ಕೊಡುವುದು. ಸಿಸ್ಟರ್ ಕೈಗೆ ರಬ್ ಹಾಕಿ ಬರುತ್ತಾರೆ, ಬೆಡ್ಡಿನ ಕಂಬಿ ಸರಿಸುತ್ತಾರೆ, ಹೊದಿಕೆ ಎತ್ತುತ್ತಾರೆ, ಅದೇ ಕೈಯಲ್ಲಿ ಕ್ಯಾನುಲಾ ಮುಚ್ಚಳ ತೆಗೆದು ಹಾಸಿಗೆ ಮೇಲಿಡುತ್ತಾರೆ. ಕೈ ಶುಚಿ ಮಾಡಲೇಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಐದು ಸಂದರ್ಭಗಳನ್ನು ಬಾಯಿಪಾಠ ಹೇಳುವವರೂ ಇಲ್ಲೇ ತಪ್ಪುವುದು. ಕ್ಯಾನುಲಾ ಮುಟ್ಟುವ ಮುಂಚೆ ಇನ್ನೊಮ್ಮೆ ರಬ್ ಬೇಕು. ಸೂಜಿಯಿಲ್ಲದ ಪೋರ್ಟ್ (ಸೂಜಿ ಚುಚ್ಚದೆ ಔಷಧಿ ಹಾಕುವ ಬಾಯಿ) ಇದ್ದರೆ ಅದನ್ನು ಸ್ಪಿರಿಟ್ ಸ್ವಾಬ್‌ನಿಂದ 15 ಸೆಕೆಂಡ್ ಚೆನ್ನಾಗಿ ಉಜ್ಜಬೇಕು, ಒಣಗಲು ಬಿಡಬೇಕು. ಹಾಸಿಗೆ ಮೇಲಿಟ್ಟ ಮುಚ್ಚಳ ಕಸಕ್ಕೆ, ಹೊಸದು ಹಾಕಬೇಕು. ಕೆಲಸ ಮುಗಿದ ತಕ್ಷಣ, ರೋಗಿಯಿಂದ ಸ್ವಲ್ಪ ದೂರ ಬಂದು ಹೇಳಿ. ಒಬ್ಬೊಬ್ಬರಿಗೆ ಐದು ನಿಮಿಷ ಸಾಕು.

ಹೊಳೆಯುವ ಜೆಲ್ ಮತ್ತು ಯುವಿ ಲೈಟ್ ಸಿಕ್ಕರೆ ತರಿಸಿ. ಜೆಲ್ ಅನ್ನು ರಬ್‌ನಂತೆ ಕೈಗೆ ಉಜ್ಜಿ ಲೈಟ್ ಕೆಳಗೆ ಹಿಡಿದರೆ, ಉಜ್ಜದೆ ಬಿಟ್ಟ ಜಾಗ ಎದ್ದು ಕಾಣುತ್ತದೆ, ಹೆಬ್ಬೆರಳು ಮತ್ತು ಬೆರಳ ತುದಿಗಳೇ ಜಾಸ್ತಿ. ಒಂದು ಗಂಟೆಯ ಭಾಷಣಕ್ಕಿಂತ ಇದು ಮನಸ್ಸಿಗೆ ನಾಟುತ್ತದೆ.

ಗ್ಲೌಸ್ ವಿಷಯ ಗಟ್ಟಿಯಾಗಿ ಹೇಳಿ. ಬಿಪಿ ನೋಡಲು, ಮಾತ್ರೆ ಕೊಡಲು ಸಾಮಾನ್ಯವಾಗಿ ಗ್ಲೌಸ್ ಬೇಡ. ರಕ್ತ, ಮೂತ್ರ ತಾಗುವ ಕೆಲಸಕ್ಕೆ ಬೇಕೇ ಬೇಕು. ಒಬ್ಬ ರೋಗಿಗೆ ಹಾಕಿದ್ದು ಅಲ್ಲೇ ಬಿಚ್ಚಬೇಕು, ಬಿಚ್ಚಿದ ಮೇಲೂ ಕೈ ಶುಚಿ ಮಾಡಬೇಕು. ಗ್ಲೌಸ್‌ನಲ್ಲಿ ಕಣ್ಣಿಗೆ ಕಾಣದ ತೂತುಗಳಿರಬಹುದು, ಬಿಚ್ಚುವಾಗಲೂ ಕೈಗೆ ಕೊಳೆ ತಾಗುತ್ತದೆ.

ಪ್ರಶ್ನೆ: ಭೇದಿ ರೋಗಿಗಳಿಗೂ ಹ್ಯಾಂಡ್ ರಬ್ ಸಾಕಾ ಮೇಡಂ?

ಉತ್ತರ: ಅಲ್ಲಿ ಸೋಪು ನೀರೇ ಬೇಕು. ಭೇದಿ ತರುವ ಕ್ಲಾಸ್ಟ್ರಿಡಿಯಾಯ್ಡಿಸ್ ಡಿಫಿಸಿಲ್‌ನಂಥ ರೋಗಾಣುಗಳ ಬೀಜಕಣಗಳು (ಗಟ್ಟಿ ಕವಚದ ರೂಪ) ಆಲ್ಕೋಹಾಲ್‌ಗೆ ಸಾಯುವುದಿಲ್ಲ. ಕೈಯಲ್ಲಿ ಕೊಳೆ ಕಾಣುತ್ತಿದ್ದರೂ ಅಷ್ಟೇ.

ಪ್ರಶ್ನೆ: ರೌಂಡ್ಸ್‌ನಲ್ಲಿ ಡಾಕ್ಟರೇ ಕೈ ಶುಚಿ ಮಾಡದಿದ್ದರೆ?

ಉತ್ತರ: ಹಿರಿಯರು ಮಾಡದಿದ್ದರೆ ಹೊಸ ಸಿಸ್ಟರ್‌ಗಳೂ ಮಾಡುವುದಿಲ್ಲ, ಇದು ನಾನು ಕಂಡ ಮಾತು. ಡಾಕ್ಟರ್‌ಗಳನ್ನೂ ಅದೇ ತರಬೇತಿಗೆ ಕೂರಿಸಲು ಆಡಳಿತದವರನ್ನು ಕೇಳಿ. ಅಲ್ಲಿಯವರೆಗೆ ರೌಂಡ್ಸ್‌ನಲ್ಲಿ ಜೊತೆ ಹೋಗುವ ಸಿಸ್ಟರ್ ಬಾಟಲಿ ಹಿಡಿದು, ಪ್ರತಿ ಬೆಡ್ ಮುಂದೆ “ಸರ್, ರಬ್” ಅಂತ ಮುಂದೆ ಚಾಚಲಿ. ರೋಗಿಯ ಎದುರು ಬೇಡ ಅನ್ನುವವರು ಕಡಿಮೆ.